ಅಷ್ಟು ಮಳೆ ಬೀಳುವ ಕಾರ್ಕಳಕ್ಕೆ ಕೆರೆಗಳು ಯಾಕೆ ಬೇಕಾದವು?

ಕಾರ್ಕಳ ಕೆರೆಯ ದಡದ ಸಣ್ಣ ಪೇಟೆಯಂತೆ, ಕರಾವಳಿಯಲ್ಲಿ ಅಷ್ಟು ಮಳೆ ಬರುವಾಗ ಕೆರೆ ಯಾಕೆ ಕಟ್ಟಿಸಿದರು, ಊರಿನ ಇತಿಹಾಸ ಏನು, ಜನ ಎಷ್ಟಿದ್ದಾರೆ ಎಂದು ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ, ಈಗ ಇರುವುದು ಉಡುಪಿಯಲ್ಲಿ. ಕೆರೆಯ ಪ್ರಶ್ನೆಯಲ್ಲೇ ಊರಿನ ಅರ್ಧ ಕಥೆ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಬೈಲೂರು ದಾಟಿ ಬಂದರೆ ಕಾರ್ಕಳ ಸುಮಾರು 38 ಕಿ.ಮೀ. ಮಂಗಳೂರಿನಿಂದ ಮೂಡುಬಿದಿರೆ ಮೇಲೆ ಬಂದರೆ 50 ಕಿ.ಮೀ. ಆಸುಪಾಸು. ಸಮುದ್ರ ಪಡುವಣಕ್ಕೆ, ಘಟ್ಟ ಮೂಡಣಕ್ಕೆ, ನಡುವೆ ಘಟ್ಟಕ್ಕೇ ಹೆಚ್ಚು ಹತ್ತಿರವಾಗಿ ಈ ಊರು. ಅರಬ್ಬೀ ಸಮುದ್ರದಿಂದ ಎದ್ದ ಮೋಡ ಕುದುರೆಮುಖದ ಸಾಲಿಗೆ ಬಡಿದು ಇಲ್ಲೇ ಸುರಿಯುತ್ತದೆ. ವರ್ಷಕ್ಕೆ 4000 ಮಿ.ಮೀ. ದಾಟುವ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ತೊಂದರೆ ಇರುವುದು ಅಲ್ಲೇ. ನಮ್ಮ ನೆಲ ಹೆಚ್ಚಾಗಿ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು. ಮೈಯೆಲ್ಲಾ ತೂತಿರುವ ಆ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ಇಳಿದು ಜಾರುತ್ತದೆ. ಮೇಲಿಂದ ಇಳಿಜಾರು ಬೇರೆ. ಬಿದ್ದ ನೀರು ತೋಡು ಸೇರಿ, ತೋಡಿನಿಂದ ಹೊಳೆ ಸೇರಿ, ನೋಡನೋಡುತ್ತ ಸಮುದ್ರ ಮುಟ್ಟುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೈಯಲ್ಲಿ ಮೊಗೆಯುವಷ್ಟು ಮೇಲೆ ಬಂದ ಬಾವಿಯ ನೀರು ಏಪ್ರಿಲ್‌ಗೆ ಎಷ್ಟೋ ಕೋಲು ಕೆಳಗೆ ಇಳಿದಿರುತ್ತದೆ. ಭತ್ತದ ಮೊದಲ ಬೆಳೆ, ಮಳೆಗಾಲದ ಏಣೇಲಿಗೆ ಯಾರ ಹಂಗೂ ಬೇಡ. ಎರಡನೆಯ ಸುಗ್ಗಿ ಬೆಳೆಗೆ ಒಂದಿಷ್ಟು ನೀರು ಬೇಕು, ಬೇಸಿಗೆಯ ಕೊಳಕೆ ಬೆಳೆಗಂತೂ ಕಟ್ಟಿಟ್ಟ ನೀರೇ ಬೇಕು. ಇಂಥ ಕಡೆ ಅರಮನೆ, ಪೇಟೆ, ಆನೆ, ಕುದುರೆ ಎಲ್ಲವನ್ನೂ ಇಟ್ಟುಕೊಂಡು ರಾಜಧಾನಿ ನಡೆಸುವವನು ಕೆರೆ ಕಟ್ಟಿಸದೆ ಇರುವ ಹಾಗಿರಲಿಲ್ಲ.

ಹಾಗೆ ಆದದ್ದು ಆನೆಕೆರೆ ಮತ್ತು ರಾಮಸಮುದ್ರ. ಆನೆಕೆರೆ 13ನೇ ಶತಮಾನದಷ್ಟು ಹಳೆಯದು. ಅರಸರ ಆನೆಗಳು ಮೀಯುತ್ತಿದ್ದ ಕೆರೆ ಎಂದು ಊರವರು ಹೇಳುತ್ತಾರೆ. ಅದರ ನಡುವೆ ಒಂದು ಬಸದಿ ಇದೆ, ಕೆರೆಬಸದಿ ಎನ್ನುತ್ತೇವೆ. ರಾಮಸಮುದ್ರ ಗೊಮ್ಮಟ ಬೆಟ್ಟಕ್ಕೆ ಸಮೀಪ. ಎರಡೂ ಕೆರೆಗಳು ಊರಿನ ಬಾವಿಗಳನ್ನು ಒಳಗಿಂದಲೇ ತುಂಬಿಸುತ್ತವೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕೆರೆಯಲ್ಲಿ ಹೂಳು ತುಂಬಿದಾಗ ಗೊತ್ತಾಗುತ್ತದೆ. ಈಚಿನ ವರ್ಷಗಳಲ್ಲಿ ಆನೆಕೆರೆಯ ಹೂಳು ತೆಗೆಯುವ ಕೆಲಸ ನಡೆಯಿತು. ಊರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ ಎಂದೇ ನಾನು ತಿಳಿದಿದ್ದೇನೆ. ಎಷ್ಟೇ ರಸ್ತೆ ಅಗಲ ಮಾಡಿದರೂ ಬೇಸಿಗೆಯಲ್ಲಿ ಬಾವಿ ಬತ್ತಿದ ಮನೆಗೆ ಅದರಿಂದ ಆಗುವುದೇನು?

ಇನ್ನು ಇತಿಹಾಸ. ಇಲ್ಲಿ ಆಳಿದವರು ಭೈರರಸ ಒಡೆಯರು. ತಮ್ಮ ಮೂಲವನ್ನು ಹೊಂಬುಜದ ಜಿನದತ್ತನಿಗೆ, ಸಾಂತರ ವಂಶಕ್ಕೆ ಒಯ್ಯುವ ಜೈನ ಅರಸರು. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ, ಎರಡೂ ಅವರ ಕೈಯಲ್ಲಿ. ಮೇಲಿನ ಕರಿಮೆಣಸು ಬಂದರಿಗೆ ಇಳಿಯಬೇಕು, ಕೆಳಗಿನ ಅಕ್ಕಿ, ಉಪ್ಪು ಮೇಲಕ್ಕೆ ಹತ್ತಬೇಕು. ಆ ದಾರಿಯ ಬುಡದಲ್ಲಿ ಕೂತವರಿಗೆ ಸಂಪತ್ತು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಈಗಲೂ ಮಂಗಳೂರಿನಿಂದ ಮಾಳ ಘಾಟಿ ಹತ್ತಿ ಶೃಂಗೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಕಾರ್ಕಳದ ಮೇಲೆಯೇ ಹೋಗುತ್ತದೆ. ರೈಲು ಮಾತ್ರ ನಮ್ಮೂರಿಗೆ ಬರಲಿಲ್ಲ, ಕೊಂಕಣ ರೈಲು ಕಡಲ ಕಡೆಯಿಂದಲೇ ಹೋಯಿತು.

ಗೊಮ್ಮಟನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ನಿಲ್ಲಿಸಿದ ಬಾಹುಬಲಿಯ ವಿಗ್ರಹವದು. ಎತ್ತರ ಸುಮಾರು 42 ಅಡಿ, ಒಂದೇ ಕಲ್ಲು. ಹಳೆಯ ಗೊಮ್ಮಟಗಳಲ್ಲಿ ಶ್ರವಣಬೆಳಗೊಳದ್ದನ್ನು ಬಿಟ್ಟರೆ ಇದೇ ದೊಡ್ಡದು. ಎದುರಿನ ಬ್ರಹ್ಮದೇವರ ಕಂಬ 1436ರದು. ಬೆಳಗೊಳದಲ್ಲಿ ಬೆಟ್ಟದ ತುದಿಯ ಬಂಡೆಯನ್ನೇ ಇದ್ದಲ್ಲೇ ಕಡೆದರು. ಕಾರ್ಕಳದಲ್ಲಿ ವಿಗ್ರಹವನ್ನು ಬೇರೆ ಕಡೆ ಕಡೆದು, ಗಾಲಿಗಳ ಮೇಲೆ ಬೆಟ್ಟ ಹತ್ತಿಸಿ ನಿಲ್ಲಿಸಿದರು. ಅಷ್ಟು ಭಾರದ ಕಲ್ಲನ್ನು ಆ ನುಣುಪು ಪಾದೆಯ ಮೇಲೆ ಎಳೆದು ತಂದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಬೆಟ್ಟದ ಮೆಟ್ಟಿಲು ಹತ್ತುವಾಗ ಅರಸನಿಗಿಂತ ಮೊದಲು ನೆನಪಾಗಬೇಕಾದವರು ಅವರು.

ಆ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಧರ್ಮಸ್ಥಳದ ಬೆಟ್ಟದ ಮೇಲೆ ನೀವು ನೋಡಿರಬಹುದಾದ 39 ಅಡಿಯ ಬಾಹುಬಲಿ ಹುಟ್ಟಿದ್ದೂ ಕಾರ್ಕಳದಲ್ಲಿ. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರು ಮಾಡಿಸಿದ ಆ ವಿಗ್ರಹವನ್ನು ನಮ್ಮೂರಿನ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ತಮ್ಮವರೊಂದಿಗೆ ಕಡೆದರು. 1973ರಲ್ಲಿ ಅದನ್ನು ದೊಡ್ಡ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದರು. ದಾರಿಯುದ್ದಕ್ಕೂ ಜನ ನೆರೆದಿದ್ದರು, ನಮ್ಮ ಮನೆಯ ಹಿರಿಯರು ಅದನ್ನು ಇನ್ನೂ ಹೇಳುತ್ತಾರೆ. ಪ್ರತಿಷ್ಠೆ ಆದದ್ದು 1982ರಲ್ಲಿ. ಐದು ಶತಮಾನ ದಾಟಿದ ಮೇಲೆ ಅದೇ ಊರು ಅದೇ ಕೆಲಸವನ್ನು ಮತ್ತೆ ಮಾಡಿ ತೋರಿಸಿತಲ್ಲ, ನನಗೆ ಕಾರ್ಕಳದ ಬಗ್ಗೆ ಇರುವ ಹೆಮ್ಮೆಯಲ್ಲಿ ಇದು ದೊಡ್ಡದು.

ಗೊಮ್ಮಟನ ಎದುರಿನ ಸಣ್ಣ ಗುಡ್ಡೆಯ ಮೇಲೆ ಚತುರ್ಮುಖ ಬಸದಿ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ಗೋಡೆ, ಕಂಬ, ಮಾಡಿನ ಹಾಸು ಎಲ್ಲವೂ ಶಿಲೆಕಲ್ಲು. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರು ಬಿಂಬಗಳು ಎದುರಾಗುತ್ತವೆ. ಇದರ ಹಿಂದೆ ಒಂದು ಐತಿಹ್ಯ ಉಂಟು. ಅರಸನು ಶೃಂಗೇರಿಯ ಸ್ವಾಮಿಗಳನ್ನು ಇಲ್ಲೇ ಇರಿ ಎಂದು ಬೇಡಿಕೊಂಡನಂತೆ. ಪೂಜೆಗೆ ನಮ್ಮ ದೇವರ ಗುಡಿ ಇಲ್ಲವಲ್ಲ ಎಂದರಂತೆ ಅವರು. ಆಗ ಅರಸನು ಜಿನನಿಗೆಂದು ಕಟ್ಟುತ್ತಿದ್ದ ಬಸದಿಯಲ್ಲೇ ಅನಂತಶಯನನನ್ನು ಪ್ರತಿಷ್ಠೆ ಮಾಡಿಸಿದನು. ಜೈನ ಗುರುಗಳು ಮುನಿದಾಗ ಅದಕ್ಕಿಂತ ಮಿಗಿಲಾದದ್ದನ್ನು ಕಟ್ಟಿಸುತ್ತೇನೆಂದು ಮಾತು ಕೊಟ್ಟು ಚತುರ್ಮುಖ ಬಸದಿ ಕಟ್ಟಿಸಿದನು. ಕಥೆ ಎಷ್ಟು ನಿಜವೋ, ಅನಂತಶಯನ ದೇವಸ್ಥಾನ ಮತ್ತು ಬಸದಿ ಒಂದಕ್ಕೊಂದು ಹತ್ತಿರದಲ್ಲೇ ಇಂದಿಗೂ ಪೂಜೆಗೊಳ್ಳುತ್ತಿರುವುದು ನಿಜ.

ಈ ಬಸದಿ ಕಟ್ಟಿಸಿದ ಅರಸ ಪಟ್ಟಕ್ಕೆ ಬಂದದ್ದು ಅಳಿಯಸಂತಾನದ ಕಟ್ಟಿನ ಪ್ರಕಾರ, ತಾಯಿ ಗುಮ್ಮಟಾಂಬೆಯ ಕಡೆಯಿಂದ, ಸೋದರಮಾವನ ನಂತರ. ಆ ಕಾಲದಲ್ಲಿ ಇಲ್ಲಿನ ಅರಸೊತ್ತಿಗೆಯೂ ಹೆಣ್ಣಿನ ಮೂಲಕವೇ ಇಳಿಯುತ್ತಿತ್ತು.

ಆಮೇಲಿನದು ಕರಾವಳಿಯ ಎಲ್ಲ ಕಡೆಯ ಕಥೆಯೇ: ಕೆಳದಿಯವರು, ಹೈದರ್, ಟಿಪ್ಪು, 1799ರಿಂದ ಇಂಗ್ಲಿಷರು. 1997ರಲ್ಲಿ ದಕ್ಷಿಣ ಕನ್ನಡ ಒಡೆದು ಉಡುಪಿ ಜಿಲ್ಲೆ ಆದಾಗ ಕಾರ್ಕಳ ಉಡುಪಿಗೆ ಬಂತು. 2018ರಲ್ಲಿ ಹೆಬ್ರಿ ಬೇರೆ ತಾಲೂಕಾಯಿತು.

ಜನಸಂಖ್ಯೆ ಕೇಳಿದ್ದೀರಿ. 2011ರ ಜನಗಣತಿಯಲ್ಲಿ ಪುರಸಭೆಯ ವ್ಯಾಪ್ತಿಯಲ್ಲಿ ಇದ್ದವರು 25 ಸಾವಿರದ ಚಿಲ್ಲರೆ. 2001ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹತ್ತು ವರ್ಷದಲ್ಲಿ ಬೆಂಗಳೂರಿನ ಒಂದೊಂದು ಬಡಾವಣೆ ಇಮ್ಮಡಿಯಾಗುವಾಗ ಇಲ್ಲಿ ಲೆಕ್ಕ ಕದಲಲೇ ಇಲ್ಲ. ಕಾರಣ ಮನೆಮನೆಯಲ್ಲೂ ಇದೆ: ಒಬ್ಬ ಮುಂಬೈಯ ಹೋಟೆಲಿನಲ್ಲಿ, ಒಬ್ಬ ದುಬೈಯಲ್ಲಿ, ಒಬ್ಬಳು ಬೆಂಗಳೂರಿನ ಕಂಪೆನಿಯಲ್ಲಿ. ಗಂಡಸರಿಗಿಂತ ಹೆಂಗಸರ ಸಂಖ್ಯೆ ಹೆಚ್ಚು. ಉಡುಪಿ ಜಿಲ್ಲೆಯಲ್ಲೇ ಆಗ 1000 ಗಂಡಸರಿಗೆ 1094 ಹೆಂಗಸರಿದ್ದರು. ಜಿಲ್ಲೆಯ ಒಟ್ಟು ಜನ 11,77,361. ಊರಲ್ಲಿ ಉಳಿದವರಿಗೆ ಕೆಲಸ ಕೊಡುವುದು ಗೇರುಬೀಜದ ಕಾರ್ಖಾನೆ, ಕಲ್ಲುಕೋರೆ, ಅಂಗಡಿ, ಹತ್ತಿರದ ನಿಟ್ಟೆಯ ಕಾಲೇಜುಗಳು. ಕಂಗಿನ (ಅಡಿಕೆ) ತೋಟ, ಗದ್ದೆ ಇದ್ದವರೂ ಇದ್ದಾರೆ. ಇಲ್ಲಿನ ಕುಚ್ಚಲಕ್ಕಿ ಈಚೆಗೆ ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿದೆ.

ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ತುಳು, ಕೊಂಕಣಿ, ಕನ್ನಡ, ಬ್ಯಾರಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಬಸದಿಗಳ ಊರಿನಲ್ಲಿ ಜೈನರು ಈಗ ಸಣ್ಣ ಸಂಖ್ಯೆಯಲ್ಲಿದ್ದಾರೆ. ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನವನ್ನು ಪಡುತಿರುಪತಿ ಎನ್ನುತ್ತಾರೆ, ಅಲ್ಲಿನ ಲಕ್ಷದೀಪಕ್ಕೆ ಪರವೂರಿನ ಸಂಬಂಧಿಕರೆಲ್ಲ ಬಂದು ಸೇರುತ್ತಾರೆ. ಜನವರಿ ಕೊನೆಗೆ ಆತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ವಾರ್ಷಿಕ ಜಾತ್ರೆ, ಸಾಂತ್‌ಮಾರಿ. 2016ರಲ್ಲಿ ಬಸಿಲಿಕವಾದ ಆ ಇಗರ್ಜಿಗೆ ಮೇಣದಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಅದನ್ನು ನಮ್ಮಲ್ಲಿ ಯಾರೂ ವಿಶೇಷ ಎಂದುಕೊಳ್ಳುವುದಿಲ್ಲ.

ನೋಡಲು ಬರುವುದಾದರೆ ನವೆಂಬರ್‌ನಿಂದ ಜನವರಿ ಒಳಗೆ ಬನ್ನಿ. ಕೆರೆಗಳಲ್ಲಿ ನೀರು ತುಂಬಿರುತ್ತದೆ, ಬಿಸಿಲು ಹದವಾಗಿರುತ್ತದೆ. ಹೆಚ್ಚಿನವರು ಗೊಮ್ಮಟನನ್ನು ನೋಡಿ ಅರ್ಧ ಗಂಟೆಯಲ್ಲಿ ಶೃಂಗೇರಿಗೋ ಧರ್ಮಸ್ಥಳಕ್ಕೋ ಹೊರಟುಬಿಡುತ್ತಾರೆ, ಹಾಗೆ ಮಾಡಬೇಡಿ. ಹಿರಿಯಂಗಡಿಗೆ ಹೋಗಿ ನೇಮಿನಾಥ ಬಸದಿಯ ಎದುರಿನ ಮಾನಸ್ತಂಭ ನೋಡಿ, ಆನೆಕೆರೆಯ ದಂಡೆಯಲ್ಲಿ ನಡೆಯಿರಿ. ದೋಣಿಯಲ್ಲಿ ಕೂತು ಹೋಗುವ ಕೆರೆಬಸದಿಯ ಚಿತ್ರ ನೋಡಿ ಅದನ್ನು ಕಾರ್ಕಳ ಪೇಟೆಯಲ್ಲಿ ಹುಡುಕುವವರು ಬಹಳ. ಅದು ಆನೆಕೆರೆಯದಲ್ಲ, ಹೆಬ್ರಿ ಕಡೆಯ ವರಂಗದ್ದು. ಬೆಳಿಗ್ಗೆ ಬೇಗ ಕಾರ್ಕಳ ಮುಗಿಸಿದರೆ ಅದನ್ನೂ ಅದೇ ದಿನ ನೋಡಿಕೊಂಡು ಬರಬಹುದು.