ರಣಜಿಯಲ್ಲಿ ಮೆರೆದರೂ ಭಾರತಕ್ಕೆ ಆಡದೇ ಉಳಿದ ಅತಿ ದೊಡ್ಡ ಆಟಗಾರ ಯಾರು? ಅವಕಾಶ ಯಾಕೆ ತಪ್ಪಿತು?

ನನ್ನನ್ನು ಕೇಳಿದರೆ ರಾಜಿಂದರ್ ಗೋಯಲ್. ನಾನೂ ಎಡಗೈ ಸ್ಪಿನ್ ಹಾಕುತ್ತಿದ್ದವನು, ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು.

ಬೆಳಗಾವಿಯಲ್ಲಿ ನಾವು ಮ್ಯಾಟ್ ಮೇಲೆ ಆಡುತ್ತಿದ್ದಾಗ ನಮ್ಮ ಟೀಮಿನ ಕ್ಯಾಪ್ಟನ್ನೂ ಎಡಗೈ ಸ್ಪಿನ್ನರ್. ಮುಂದಿನದು ನೀವೇ ಊಹಿಸಿಕೊಳ್ಳಿ. ಎರಡು ಸೀಸನ್ ನಾನು ಮ್ಯಾಟ್ ಹಾಸಿ ಮೊಳೆ ಹೊಡೆದೆ, ನೀರು ಹೊತ್ತೆ. ಸಿಟ್ಟು ಬರುತ್ತಿತ್ತು, ಆದರೆ ಅವನು ನನಗಿಂತ ಚೆನ್ನಾಗಿ ಹಾಕುತ್ತಿದ್ದ ಅನ್ನುವುದೂ ಗೊತ್ತಿತ್ತು. ಹಾಗೇ ಗೋಯಲ್ ಮುಂದೆ ಇದ್ದವರು ಇನ್ನೊಬ್ಬ ಎಡಗೈ ಸ್ಪಿನ್ನರ್, ಬಿಷನ್ ಸಿಂಗ್ ಬೇಡಿ. ಬೇಡಿ 1966ರ ಕೊನೆಯ ದಿನ ಟೆಸ್ಟ್ ತಂಡಕ್ಕೆ ಬಂದರು, ಹೋಗುವಷ್ಟರಲ್ಲಿ 67 ಟೆಸ್ಟ್, 266 ವಿಕೆಟ್. ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ಗೋಯಲ್ ಅಷ್ಟೂ ಕಾಲ ರಣಜಿ ಆಡುತ್ತಲೇ ಇದ್ದರು.

ಆಡಿದ್ದೆಂದರೆ ಅಂತಿಂಥ ಆಟವಲ್ಲ. ರಣಜಿಯಲ್ಲಿ 637 ವಿಕೆಟ್, ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಪ್ರಥಮ ದರ್ಜೆಯಲ್ಲಿ ಒಟ್ಟು 750. ಬೇಡಿಯ ಹಾಗೆ ಚೆಂಡನ್ನು ಗಾಳಿಯಲ್ಲಿ ತೇಲಿಸಿ ಆಸೆ ತೋರಿಸುವ ಜಾತಿಯಲ್ಲ ಇವರದು. ತುಸು ವೇಗವಾಗಿ, ಚಪ್ಪಟೆಯಾಗಿ, ಬೆಳಗಿನಿಂದ ಸಂಜೆತನಕ ಒಂದೇ ಜಾಗಕ್ಕೆ. ನೋಡುವವರಿಗೆ ಬೇಸರ, ಆಡುವವನಿಗೆ ಪ್ರಾಣಸಂಕಟ. ಮುಂಬೈಯ ಪದ್ಮಾಕರ್ ಶಿವಾಲ್ಕರ್ ಅವರದೂ ಇದೇ ಹಣೆಬರಹ. ನಮ್ಮ ಕರ್ನಾಟಕದ ಬಿ. ವಿಜಯಕೃಷ್ಣ ಕೂಡ ಎಡಗೈ ಸ್ಪಿನ್ನರೇ, ಜೊತೆಗೆ ಬ್ಯಾಟೂ ಬೀಸುತ್ತಿದ್ದರು, ಅವರೂ ಟೆಸ್ಟ್ ಆಡಲಿಲ್ಲ.

ಆದರೆ ಗೋಯಲ್ ಕಥೆಯಲ್ಲಿ ನನ್ನನ್ನು ಕೊರೆಯುವುದು ಬೇಡಿ ಇದ್ದದ್ದಲ್ಲ, ಬೇಡಿ ಇಲ್ಲದೇ ಹೋದ ಒಂದು ಮ್ಯಾಚು. 1974ರ ನವೆಂಬರ್, ಬೆಂಗಳೂರಿನ ಮೊದಲ ಟೆಸ್ಟ್, ಎದುರಿಗೆ ವೆಸ್ಟ್ ಇಂಡೀಸ್. ಶಿಸ್ತಿನ ಕಾರಣ ಹೇಳಿ ಬೇಡಿಯನ್ನು ಕೈಬಿಟ್ಟಿದ್ದರು, ಗೋಯಲ್‌ಗೆ ಕರೆ ಬಂದಿತ್ತು. ಬೆಳಿಗ್ಗೆ ನೋಡಿದರೆ ಹನ್ನೊಂದರಲ್ಲಿ ಹೆಸರಿಲ್ಲ! ಪ್ರಸನ್ನ, ವೆಂಕಟರಾಘವನ್ ಇಬ್ಬರೂ ಆಫ್ ಸ್ಪಿನ್ನರ್‌ಗಳು, ಜೊತೆಗೆ ಚಂದ್ರಶೇಖರ್. ಭಾರತ 267 ರನ್ನಿನಿಂದ ಸೋತಿತು. ಬೇಡಿ ಮುಂದಿನ ಟೆಸ್ಟಿಗೆ ವಾಪಸ್. ಒಂದೇ ಬಗೆಯ ಇಬ್ಬರನ್ನು ಆಡಿಸಿ ಎಡಗೈಯವನನ್ನು ಕೂರಿಸಿದ್ದಕ್ಕೆ ಒಪ್ಪುವಂಥ ಕಾರಣ ನನಗಂತೂ ಇವತ್ತಿಗೂ ಸಿಕ್ಕಿಲ್ಲ. 2017ರಲ್ಲಿ ಬಿಸಿಸಿಐ ಅವರಿಗೆ ಸಿ.ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು, ಆ ಸಮಾರಂಭವೂ ಬೆಂಗಳೂರಿನಲ್ಲೇ. 2020ರಲ್ಲಿ ತೀರಿಕೊಂಡರು.

ಆ ಟೆಸ್ಟ್ ನೋಡಲು ನಮ್ಮ ಸೋದರಮಾವ ಬೆಳಗಾವಿಯಿಂದ ಹೋಗಿದ್ದ. ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಹೊಡೆದ 163ರ ಒಂದೊಂದು ಸಿಕ್ಸರನ್ನೂ ಇವತ್ತಿಗೂ ಕೈಯಾಡಿಸಿ ತೋರಿಸುತ್ತಾನೆ. ಗೋಯಲ್ ತೀರಿಕೊಂಡ ಸುದ್ದಿ ಬಂದಾಗ, "ಮಾಮಾ, ಆ ಮ್ಯಾಚಿಗೆ ಅವ್ರೂ ಬಂದಿದ್ರಲ್ಲ" ಅಂದೆ.

"ಹೌದೇನೋ? ಅಂವ ಅಲ್ಲೇ ಇದ್ನಾ?" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಪ್ರಸನ್ನಗ, ಚಂದ್ರಾಗ ಚಪ್ಪಾಳಿ ಹೊಡ್ಕೋಂತ ಕುಂತಿದ್ವಿ ನೋಡಪಾ, ಅಂವನ್ನ ಯಾರೂ ಕೇಳಲೇ ಇಲ್ಲ."