ಕಾಯಿ ನಿಂತ್ರ ನೀರು ಬೀಳತೈತೇನು?

ಇಂಡಿ ತಾಲೂಕಿನ ಓದುಗರೊಬ್ರು ಬರದಾರ: "ಹೊಲದಾಗ ಬೋರ್ ಹೊಡಸಾಕ ನಮ್ಮ ಕಾಕಾ ತೆಂಗಿನಕಾಯಿ ಹಿಡದು ಪಾಯಿಂಟ್ ತೋರಸಾವ್ರನ್ನ ಕರಸಿದ್ರು. ಅಂಗೈ ಮ್ಯಾಲಿನ ಕಾಯಿ ಒಂದ್ ಕಡೆ ಎದ್ದು ನಿಂತು, ಅಲ್ಲೇ ಹೊಡದ್ರ ನೀರೂ ಬಿತ್ತು. ಮೂಢನಂಬಿಕಿ ಅಂದ್ರ 'ನೀರು ಕಣ್ಣ ಮುಂದ ಐತಿ, ನಿನ್ನ ತರ್ಕ ತಗೊಂಡು ಏನ್ ಮಾಡ್ಲಿ' ಅಂತಾರ. ವಾದ ಮಾಡಿ ಏನರ ಉಪಯೋಗ ಐತೇನ್ರಿ?"

ಐತ್ರಿ. ಆದ್ರ ನಿಮ್ಮ ಕಾಕಾನೂ ತರ್ಕನ ಮಾಡ್ಯಾರ, ಅದನ್ನ ಮೊದಲ ಒಪ್ಪಿಕೊಳ್ರಿ. ಕಾಯಿ ನಿಂತೈತಿ, ಅದಕ್ಕ ಕೆಳಗ ನೀರೈತಿ. ನ್ಯಾಯಶಾಸ್ತ್ರದವರು, ಅಂದ್ರ ಕೋರ್ಟಿನವರಲ್ರಿ, ತರ್ಕದ ಹಳೇ ಶಾಸ್ತ್ರದವರು, ಇದನ್ನ ಹೇತು ಅಂತಾರ, ಅಂದ್ರ ಕಾರಣ ಕೊಡೂದು. ಗುಡ್ಡದಾಗ ಹೊಗಿ ಕಂಡು ಬೆಂಕಿ ಐತಿ ಅನ್ನೂದು ಅವರ ಹಳೇ ಉದಾಹರಣಿ. ಆ ತರ್ಕ ನಿಲ್ಲೂದು ಯಾಕಂದ್ರ ಬೆಂಕಿ ಇಲ್ಲದ ಹೊಗಿ ಇಲ್ಲ, ಈ ತಪ್ಪದ ಸಂಬಂಧಕ್ಕ ವ್ಯಾಪ್ತಿ ಅಂತ ಹೆಸರು. ತಿರುವಿ ಹಾಕಿದ್ರ ನಡೆಯಂಗಿಲ್ಲ ಮತ್ತ, ಕಮ್ಮಾರನ ಕಡೆ ಕೆಂಪಗ ಕಾದ ಕಬ್ಬಿಣದಾಗ ಬೆಂಕಿ ಐತಿ, ಹೊಗಿ ಇಲ್ಲ. ಹಂಗಾರ ಕೇಳಬೇಕಾದ್ದು ಒಂದೇ, ಕಾಯಿಗೂ ನೀರಿಗೂ ಅಂಥಾ ಸಂಬಂಧ ಐತೇನು?

ನಮ್ಮಪ್ಪ ಮೂರು ಬೋರ್ ಹೊಡಸಿದ್ದ, ಮೂರಕ್ಕೂ ಕಾಯಿ ನಿಂತಿತ್ತು. ಮೊದಲಿನ ಎರಡ್ರಾಗ ಬರೇ ಧೂಳು, ಬೂದಿಯಂಥಾ ಕಲ್ಲಿನ ಹಿಟ್ಟು ಹಾರಿ ಜ್ವಾಳದ ಎಲಿ ಮ್ಯಾಲೆಲ್ಲ ಕುಂತಿತ್ತು, ಅವ್ವ ಸೆರಗಿಲೆ ಮಾರಿ ಮುಚಗೊಂಡು ಬದುವಿನ ಮ್ಯಾಲ ನಿಂತಿದ್ಲು, ಯಾರೂ ಮಾತಾಡಲಿಲ್ಲ. ಮೂರನೇದಕ್ಕ ಎರಡಿಂಚು ನೀರು. ಮುಂದ ಯಾರ ಕೇಳಿದ್ರೂ ಅಪ್ಪ ಹೇಳ್ತಿದ್ದುದು ಮೂರನೇದ್ದೊಂದ. ಸುಳ್ಳು ಹೇಳ್ತಿರಲಿಲ್ರಿ, ಆ ಎರಡು ಅವನ ಲೆಕ್ಕದಾಗ ಇರಲೇ ಇಲ್ಲ. ಸಾಧಿಸಬೇಕಾದ್ದು, ಅಂದ್ರ ಇಲ್ಲಿ ನೀರು, ಇದ್ದಲ್ಲೂ ಇಲ್ಲದಲ್ಲೂ ಕಾಣೂ ಹೇತುವಿಗೆ ನ್ಯಾಯದಾಗ ಸವ್ಯಭಿಚಾರ ಅಂತಾರ, ಅದು ಸಾಕ್ಷಿ ಆಗಂಗಿಲ್ಲ.

ಇನ್ನೊಂದು ಕಡೆನೂ ನೋಡ್ರಿ. ಕಾಯಿ ನಿಲ್ಲದ ಜಾಗಾದಾಗ ಯಾರೂ ಹೊಡಸೂದೇ ಇಲ್ಲ, ಅಲ್ಲಿ ನೀರು ಇತ್ತೋ ಇಲ್ಲೋ ಗೊತ್ತಾಗೂದರ ಹೆಂಗ? ವಿಜಯಪುರ ಜಿಲ್ಲಾದ ನೆಲ ಬಹುತೇಕ ಬಸಾಲ್ಟ್ ಕಲ್ಲು, ನೀರು ಇರೂದು ಅದರ ಬಿರುಕಿನ್ಯಾಗ, ಸವೆದ ಪದರಿನ್ಯಾಗ. ಹತ್ತು ಮಾರು ಆಚೆ ಹೊಡಸಿದ್ರೂ ಅದೇ ಬಿರುಕು ಸಿಗತಿತ್ತೇನೋ.

ಈಗ ನಿಮಗ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಈ ಶಾಸ್ತ್ರದ ಮೂಲ ಗ್ರಂಥ, ಗೌತಮ ಮುನಿಗಳ ನ್ಯಾಯಸೂತ್ರದಾಗ ಚರ್ಚೆ ಮೂರು ನಮೂನಿ: ಖರೆ ತಿಳಕೊಳ್ಳಾಕ ಮಾಡೂದು ವಾದ, ಗೆಲ್ಲಾಕ ಮಾಡೂದು ಜಲ್ಪ, ತನ್ನದೇನೂ ಮುಂದಿಡದ ಎದುರಿನವರದ್ದು ಬರೇ ಕೆಡವೂದು ವಿತಂಡ. ಕಾಕಾರ ಮುಂದ ಮೂಢನಂಬಿಕಿ ಅಂತಷ್ಟ ಅಂದ್ರಲ್ಲ, ಅದರಾಗ ನಿಮ್ಮ ಕಾರಣ ಎಲ್ಲೈತಿ? ಲಕ್ಷಗಟ್ಟಲೆ ಸಾಲಾ ಮಾಡಿ ಬೋರ್ ಹೊಡಸಾವ್ರ ಅಂಜಿಕಿ ಸಣ್ಣದಲ್ರಿ, ಅದನ್ನ ಅರ್ಥ ಮಾಡಿಕೊಳ್ಳದ ಅವರ ಜೋಡಿ ವಾದಕ್ಕ ಕುಂದ್ರಾಕ ಆಗೂದಿಲ್ಲ.

ಒಂದು ನೋಟಬುಕ್ ತಗೊಂಡು ಕಾಕಾರನ್ನೂ ಕರಕೊಂಡು ಊರಾಗ ಅಡ್ಡಾಡ್ರಿ. ಕಾಯಿ ನಿಂತು ನೀರು ಬಿದ್ದದ್ದು, ಕಾಯಿ ನಿಂತು ಒಣಗಿದ್ದು, ಕಾಯಿ ಇಲ್ಲದ ಹೊಡಸಿದ್ದು, ಎಲ್ಲಾ ಬರೀರಿ. ಎಷ್ಟು ಬೋರಿನ ಲೆಕ್ಕ ಸಿಕ್ಕ ಮ್ಯಾಲ ಒಪ್ಪಿಕೊಳ್ಳೂದು ಅಂತ ಹೊರಡೂ ಮೊದಲ ಇಬ್ರೂ ಮಾತಾಡಿಕೊಳ್ರಿ, ಇಲ್ಲಂದ್ರ ಲೆಕ್ಕ ಕೈಗೆ ಬಂದ ಮ್ಯಾಲ ಜಗಳ ಹೊಸದಾಗಿ ಶುರು ಆಗತೈತಿ. ಆ ಹಾಳಿ ನಮಗೂ ಕಳಸ್ರಿ, ಏನ ಬಂದಿದ್ರೂ ಹಂಗ ಛಾಪಸ್ತೀವಿ.