ಸಮಿತಿಯ ಮುಂದೆ ಅರ್ಧ ಮೊತ್ತ ಕೇಳಬೇಡಿ

ಮ್ಯಾಸಚೂಸೆಟ್ಸ್‌ನ ಪಟ್ಟಣಗಳ ಕಮ್ಯೂನಿಟಿ ಪ್ರಿಸರ್ವೇಶನ್ ನಿಧಿಯಲ್ಲಿ ಐತಿಹಾಸಿಕ ಕೆಲಸಗಳಿಗೆ ಶೇ. 10 ಮಾತ್ರ ಇರುವಾಗ, ಊರಿನ ಹಳೆಯ ಶಾಲಾ ಕಟ್ಟಡದ ಚಾವಣಿಗೆ ಅರ್ಧ ಮೊತ್ತವನ್ನಷ್ಟೇ ಕೇಳಿದರೆ, ಆ ಹಣ ಯಾವ ಕೆಲಸಕ್ಕೆ ಹೋಗಬೇಕೆಂದು ಸೂಚಿಸುವ ಸಂರಕ್ಷಣಾ ಸಮಿತಿ ಬೇಗ ಶಿಫಾರಸು ಮಾಡೀತೇ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ನಾನು ಹಾಕಿದ್ದೂ ಇದೇ ಲೆಕ್ಕ.

ನಾನಿರುವುದೂ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಪಟ್ಟಣದಲ್ಲಿ. ಪಟ್ಟಣದ ಒಡೆತನದಲ್ಲಿರುವ ಹದಿನೆಂಟನೆಯ ಶತಮಾನದ ಸ್ಮಶಾನವೊಂದು ನಮ್ಮ ಮನೆಯ ಹತ್ತಿರವಿದೆ. ಕೆರೆ ಏರಿಯ ಮೇಲೆ ವಾಲಿ ನಿಂತ ವೀರಗಲ್ಲುಗಳನ್ನು ನೋಡುತ್ತ ಬೆಳೆದ ನನಗೆ ಅಲ್ಲಿನ ಸ್ಲೇಟ್ ಸಮಾಧಿಗಲ್ಲುಗಳು ಅಪರಿಚಿತವೆನಿಸಲಿಲ್ಲ: ಮೇಲೆ ರೆಕ್ಕೆಯಿರುವ ತಲೆಬುರುಡೆ, ಕೆಳಗೆ ಹೆಸರು, ಬುಡದಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಾಗಿ ಎದ್ದ ಚಕ್ಕೆಗಳು. ಸ್ಲೇಟ್ ಪದರಪದರವಾದ ಕಲ್ಲು; ಪದರಗಳ ನಡುವೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಅದು ಹಳೆಯ ಪುಸ್ತಕದ ರಟ್ಟಿನಂತೆ ಬಿಚ್ಚಿಕೊಳ್ಳುತ್ತದೆ. ಅಂಥ 31 ಕಲ್ಲುಗಳ ದುರಸ್ತಿಗಾಗಿ ನಾವು ಆರು ಜನ ಸೇರಿ, ಸ್ಮಶಾನ ನೋಡಿಕೊಳ್ಳುವ ಮಂಡಳಿಯ ಹೆಸರಿನಲ್ಲಿ ಅರ್ಜಿ ಹಾಕಿದೆವು.

ಕಲ್ಲಿನ ತಜ್ಞರು ಕೊಟ್ಟ ಎಸ್ಟಿಮೇಟ್ 38,000 ಡಾಲರ್. ನಾನು ಅರ್ಜಿಯಲ್ಲಿ ಬರೆದದ್ದು 24,000. ಯಾಕೆಂದರೆ ಆ ಶೇ. 10ನ್ನು ನಾನು ಗರಿಷ್ಠ ಮಿತಿಯೆಂದು ಓದಿಕೊಂಡಿದ್ದೆ; ಆ ವರ್ಷ ಇತಿಹಾಸದ ಬಾಬ್ತಿನಲ್ಲಿ ಇನ್ನೊಂದು ದೊಡ್ಡ ಅರ್ಜಿಯೂ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಕೇಳಿ ಬೆಳೆದವನು ನಾನು, ಆದರೆ ಹಾಸಿಗೆಯನ್ನು ಅಳೆದೇ ನೋಡಿರಲಿಲ್ಲ. 2000ನೆಯ ಇಸವಿಯ ಕಮ್ಯೂನಿಟಿ ಪ್ರಿಸರ್ವೇಶನ್ ಆಕ್ಟ್ ಹೇಳುವುದೇ ಬೇರೆ. ಆಸ್ತಿ ತೆರಿಗೆಯ ಮೇಲೆ ಊರವರು ಒಪ್ಪಿ ಹಾಕಿಕೊಂಡ ಸರ್ಚಾರ್ಜ್ (ಹೆಚ್ಚೆಂದರೆ ಶೇ. 3) ಮತ್ತು ರಾಜ್ಯದ ನಿಧಿಯಿಂದ ಬರುವ ಪಾಲು ಸೇರಿ ಆದ ವರ್ಷದ ಆದಾಯದಲ್ಲಿ ಬಯಲು ಭೂಮಿಗೆ, ಐತಿಹಾಸಿಕ ಕೆಲಸಕ್ಕೆ, ಕೈಗೆಟಕುವ ವಸತಿಗೆ ತಲಾ ಶೇ. 10ರಷ್ಟನ್ನಾದರೂ ಖರ್ಚು ಮಾಡಬೇಕು ಇಲ್ಲವೇ ತೆಗೆದಿಡಬೇಕು. ಅದು ಕನಿಷ್ಠ. ಸಮಿತಿಯ ಆಡಳಿತಕ್ಕೆ ಶೇ. 5ರವರೆಗೆ ಹೋದರೂ ಉಳಿಯುವ ದೊಡ್ಡ ಪಾಲನ್ನು ಈ ಮೂರರಲ್ಲಿ ಯಾವುದಕ್ಕಾದರೂ, ಅಥವಾ ಆಟದ ಮೈದಾನದಂಥ ಕೆಲಸಕ್ಕೆ, ಸಮಿತಿ ಶಿಫಾರಸು ಮಾಡಬಹುದು.

ಇನ್ನೂ ನಾಚಿಕೆಯಾಗುವ ಸಂಗತಿಯೆಂದರೆ, ಜನವರಿಯ ಸಭೆಯಲ್ಲಿ ಸಮಿತಿಯ ಹಿರಿಯ ಸದಸ್ಯೆಯೊಬ್ಬರು ಅರ್ಜಿಯ ಹಾಳೆಯನ್ನು ತಿರುವುತ್ತ, "ಇಷ್ಟರಲ್ಲಿ ಮುಗಿಯುತ್ತದೆಯೇ?" ಎಂದು ನೇರವಾಗಿಯೇ ಕೇಳಿದ್ದರು. ಎಸ್ಟಿಮೇಟ್ ನನ್ನ ಚೀಲದಲ್ಲೇ ಇತ್ತು. ನಾನು "ಮುಗಿಯುತ್ತದೆ" ಎಂದೆ.

ಪಟ್ಟಣದ ಮತದಾರರು ಸೇರಿ ಖರ್ಚುಗಳಿಗೆ ಮತ ಹಾಕುವ ವಸಂತದ ಟೌನ್ ಮೀಟಿಂಗ್ ಹೊತ್ತಿಗೆ ಹೊಸ ಎಸ್ಟಿಮೇಟ್ 41,000ಕ್ಕೆ ಏರಿತ್ತು. ಸಭೆಯ ಕಾರ್ಯಸೂಚಿಯಲ್ಲಿ (ಇಲ್ಲಿ ಅದಕ್ಕೆ ವಾರಂಟ್ ಎಂದೇ ಹೆಸರು, ಮೊದಲ ಸಲ ಅಂಚೆಯಲ್ಲಿ ಬಂದಾಗ ಮನೆಯವರೆಲ್ಲ ಗಾಬರಿಯಾಗಿದ್ದೆವು) ನಮ್ಮ ವಿಷಯ ಬಂದಾಗ ನಾನು ಮೈಕ್ ಹಿಡಿದು, ಮೊತ್ತವನ್ನು ಹೆಚ್ಚಿಸಬೇಕೆಂದು ತಿದ್ದುಪಡಿ ಮಂಡಿಸಿದೆ. ಸಭೆ ನಡೆಸುವ ಮಾಡರೇಟರ್ ಪಕ್ಕದಲ್ಲಿದ್ದ ಪಟ್ಟಣದ ವಕೀಲರತ್ತ ಬಾಗಿ ಎರಡು ಮಾತು ಕೇಳಿಕೊಂಡು, ತಿದ್ದುಪಡಿ ನಿಯಮಬಾಹಿರ ಎಂದರು. ಸಮಿತಿ ಶಿಫಾರಸು ಮಾಡಿದ್ದನ್ನು ಸಭೆ ಒಪ್ಪಬಹುದು, ಕಡಿಮೆ ಮಾಡಬಹುದು, ತಿರಸ್ಕರಿಸಬಹುದು. ಒಂದು ಡಾಲರನ್ನೂ ಹೆಚ್ಚಿಸುವಂತಿಲ್ಲ. ಇಡೀ ಸಭಾಂಗಣ ನಮ್ಮ ಪರವಾಗಿ ಕೈಯೆತ್ತಿದ್ದರೂ ಫಲವಿರುತ್ತಿರಲಿಲ್ಲ. 24,000 ಮಂಜೂರಾಯಿತು, 18 ಕಲ್ಲುಗಳು ನೆಟ್ಟಗಾದವು. ಉಳಿದವುಗಳಲ್ಲಿ ಒಂದು, ಮುಂದಿನ ಫೆಬ್ರವರಿಯಲ್ಲಿ ಅಕ್ಷರಗಳಿದ್ದ ಮುಖದ ಉದ್ದಕ್ಕೂ ಬಿಚ್ಚಿಕೊಂಡು ಹಿಮದ ಮೇಲೆ ಬಿದ್ದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಕಡಿಮೆ ಕೇಳುವುದು ವಿನಯವಲ್ಲ. ಸಮಿತಿ ತೀರ್ಮಾನಿಸಬೇಕಾದದ್ದನ್ನು ನೀವೇ ಗುಟ್ಟಾಗಿ ತೀರ್ಮಾನಿಸಿದ ಹಾಗೆ. ಪೂರ್ತಿ ಮೊತ್ತ ಕೇಳಿ, ಬೆಲೆಯೇರಿಕೆಗೆಂದು ಶೇ. 10ರಿಂದ 15ರಷ್ಟನ್ನು ಬೇರೆಯಾಗಿ, ಕಾಣುವಂತೆ ನಮೂದಿಸಿ; ಕೆಲಸ ಮುಗಿದು ಉಳಿದ ಹಣ ನಿಧಿಗೇ ಮರಳುವುದರಿಂದ ಅದು ದುರಾಸೆಯಾಗುವುದಿಲ್ಲ. ಮೊದಲು ಒಡೆದ ಚಾವಣಿ, ಆಮೇಲೆ ಕಿಟಕಿ ಎಂದು ಹಂತಗಳನ್ನು ಮಾಡುವುದಾದರೆ ಅದನ್ನೂ ಬಹಿರಂಗವಾಗಿಯೇ ಮಾಡಿ. ಕತ್ತರಿ ಹಾಕುವುದಿದ್ದರೆ ಸಮಿತಿಯವರು ಹಾಕಲಿ.

ನಿಮ್ಮ ಅರ್ಜಿಯಲ್ಲಿ ನನಗೆ ಕಂಡ ನಿಜವಾದ ತೊಡಕು ಮೊತ್ತದ್ದಲ್ಲ. "ಚಾವಣಿ ಮತ್ತು ವಾರ್ಷಿಕ ಬಣ್ಣ" ಎಂದು ಬರೆದಿದ್ದೀರಿ. ದಿನನಿತ್ಯದ ನಿರ್ವಹಣೆಗೆ ಈ ಹಣ ಬಳಸುವಂತಿಲ್ಲ, ಬಣ್ಣದ ಸಾಲನ್ನು ಇಂದೇ ತೆಗೆದುಹಾಕಿ. ಕಟ್ಟಡ ರಾಜ್ಯದ ಐತಿಹಾಸಿಕ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದು ಊರಿನ ಇತಿಹಾಸಕ್ಕೆ ಮಹತ್ವದ್ದು ಎಂಬ ನಿರ್ಣಯವನ್ನು ನಿಮ್ಮ ಪಟ್ಟಣದ ಹಿಸ್ಟಾರಿಕಲ್ ಕಮಿಷನ್‌ನಿಂದ ಬರವಣಿಗೆಯಲ್ಲಿ ಪಡೆಯದೆ ಅರ್ಜಿ ಸಲ್ಲಿಸಬೇಡಿ. ಆ ಕಮಿಷನ್‌ನ ಒಬ್ಬ ಪ್ರತಿನಿಧಿ ಕಾನೂನಿನ ಪ್ರಕಾರ ಸಂರಕ್ಷಣಾ ಸಮಿತಿಯಲ್ಲೇ ಕೂತಿರುತ್ತಾರೆ. ಅವರನ್ನು ಒಮ್ಮೆ ಕರೆದುಕೊಂಡು ಹೋಗಿ, ಚಾವಣಿಯಿಂದ ನೀರು ಇಳಿಯುವ ಮೂಲೆಯನ್ನು ತೋರಿಸಿ; ಎಸ್ಟಿಮೇಟನ್ನು ಚೀಲದಿಂದ ಹೊರಗೆ ತೆಗೆಯುವುದನ್ನು ಮರೆಯಬೇಡಿ.